ಯಾರ ಮನೆಯದೂ ಅಲ್ಲದ ಬಣ್ಣ

ಎವೆಲಿಯೊನ ಆ ದಿನದ ಪಜೀತಿಗೆಲ್ಲ ಕಾರಣ ಉಗುರಿನಷ್ಟು ಅಗಲದ ಒಂದು ಬಿಳಿ ಕಲೆ.

ಬೆಳಗ್ಗೆ ಏಳಕ್ಕೆ ಕಾಫಿ ಲೋಟ ಪಕ್ಕಕ್ಕಿಟ್ಟು, ಸಮುದ್ರದೊಳಗೆ ಮುಳುಗುವಾಗ ಹಿಡಿದುಕೊಂಡು ಹೋಗುವ ತನ್ನ ದೀಪವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಬಂಡೆಗೆ ತಾಗಿ ತಾಗಿ, ಸೊಂಟದ ಪಟ್ಟಿಗೆ ಉಜ್ಜಿ ಉಜ್ಜಿ ದೀಪದ ಮೈಮೇಲಿನ ಕಪ್ಪು ಲೇಪ ಎದ್ದುಹೋಗಿತ್ತು. ಲೇಪ ಹೋದ ಜಾಗದಲ್ಲಿ ಉಪ್ಪುನೀರು ಅಲ್ಯೂಮಿನಿಯಂ ತಿಂದು ಸುಣ್ಣದಂಥ ಪುಡಿ ಕಟ್ಟಿತ್ತು. ಒಂದೇ ಕಲೆ ಅಂದುಕೊಂಡು ಒರೆಸಿದ. ಪಕ್ಕದಲ್ಲಿ ಇನ್ನೊಂದು ಕಾಣಿಸಿತು. ಅದನ್ನೂ ಒರೆಸಿದಾಗ ಅದರ ಅಣ್ಣತಮ್ಮಂದಿರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು.

ಬೇರೆ ದಿನವಾಗಿದ್ದರೆ ಎವೆಲಿಯೊ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವನಲ್ಲ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ರಾಜಧಾನಿ ಬೊಗೊತಾದಿಂದ ಇನ್ಸ್‌ಪೆಕ್ಟರ್ ಬರುವವರಿದ್ದರು. ಡೈವಿಂಗ್ ಶಾಲೆಯ ಪ್ರತಿ ಗೈಡಿನ ಸ್ವಂತ ದೀಪ ನೋಡುತ್ತಾರೆ. ಲೋಹ ಬಯಲಾಗಿದ್ದರೆ, ನೀರು ಒಳಗಿಳಿದರೆ, ಆ ಗೈಡು ಈ ಸೀಸನ್ ಪೂರ್ತಿ ದಡದಲ್ಲೇ ಕೂರಬೇಕು. ಎವೆಲಿಯೊ ಆರು ವರ್ಷದಿಂದ ಅದೇ ಶಾಲೆಯಲ್ಲಿ ಗಾಳಿಯ ಸಿಲಿಂಡರ್ ಹೊತ್ತವನು. ಪರೀಕ್ಷೆ ಪಾಸು ಮಾಡಿ ಮೊದಲ ಸಲ ಗೈಡ್ ಆಗಿ, ನಾಳೆ ಬೆಳಗ್ಗೆ ಎಂಟು ಜನ ಪ್ರವಾಸಿಗರನ್ನು ಸಮುದ್ರದೊಳಗಿನ ಗುಹೆಗೆ ಇಳಿಸಬೇಕಿತ್ತು. ಆ ಗುಹೆಯ ಪ್ರತಿ ಮೂಲೆ ಅವನಿಗೆ ಗೊತ್ತು. ಅವನು ಹೋಗದಿದ್ದರೆ ಲಿಸಾಂದ್ರೊ ಹೋಗುತ್ತಾನೆ. ಲಿಸಾಂದ್ರೊ ಎಂದರೆ ತಾನು ಈಜಿಕೊಂಡು ಬಂದರೆ ಮೀನುಗಳು ದಾರಿ ಬಿಟ್ಟು ನಮಸ್ಕಾರ ಮಾಡುತ್ತವೆ ಎಂದು ನಂಬಿರುವ ಮನುಷ್ಯ. ಅವನಿಗೆ ಗುಹೆ ಬಿಟ್ಟುಕೊಡುವ ಮಾತೇ ಇರಲಿಲ್ಲ.

"ಅವ್ವಾ, ಮನೇಲಿ ಪೇಂಟು ಏನಾದ್ರೂ ಇದ್ಯಾ?" ಎಂದು ಕೂಗಿದ.

ಒಳಗಿನಿಂದ ತಾಯಿ ಎಡುವಿಹೆಸ್ ನಿಟ್ಟುಸಿರು ಬಿಟ್ಟದ್ದು ಅಂಗಳಕ್ಕೆ ಕೇಳಿಸಿತು. "ನಮ್ಮನೇಲಿ ಎಲ್ಲಿಂದ ಬರ್ಬೇಕಪ್ಪಾ ಪೇಂಟು? ನಿಮ್ಮಪ್ಪ ದೋಣಿ ಮಾರಿದ ದಿನಾನೇ ಬಣ್ಣಾನೂ ಹೋಯ್ತಲ್ಲ."

ನಮ್ಮ ಊರು ಪುಂತಾ ಗಾರ್ಸಾದಲ್ಲಿ ಒಂದೊಂದು ಮನೆಗೆ ಒಂದೊಂದು ಬಣ್ಣ. ದೋಣಿ, ಹುಟ್ಟು, ಬಕೆಟ್, ಬಾಗಿಲು ಎಲ್ಲಕ್ಕೂ ಅದೇ. ಅಲೆ ಹೊತ್ತುಕೊಂಡು ಹೋದ ಸಾಮಾನು ಯಾವ ದಡಕ್ಕೆ ಬಿದ್ದರೂ, ಕಂಡವರು ಬಣ್ಣ ನೋಡಿ ಆ ಮನೆಯ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಒಂದು ಮಾತೂ ಕೇಳುವುದಿಲ್ಲ. ಹೀಗಾಗಿ ನಮ್ಮಲ್ಲಿ ಕಳವು ಅಂದರೆ ಏನೆಂದೇ ಗೊತ್ತಿಲ್ಲ. ದೋಣಿ ಮಾರಿದರೆ ಬಣ್ಣವೂ ದೋಣಿಯ ಜೊತೆಗೇ ಹೋಗುತ್ತದೆ. ಎವೆಲಿಯೊನ ಮನೆ ಇಪ್ಪತ್ತು ವರ್ಷದಿಂದ ಬರೀ ಸುಣ್ಣ ಕಂಡ ಮನೆ. ಅದಕ್ಕೇ ಮುಂದಿನ ತಪ್ಪೆಲ್ಲ ಆಗಿಹೋಯಿತು. ಬಣ್ಣವಿದ್ದ ಮನೆಯವನಾಗಿದ್ದರೆ ಅಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ದೀಪವನ್ನು ವಿನೆಗರಿನಲ್ಲಿ ಉಜ್ಜಿ ಬಿಳಿ ಪುಡಿ ತೆಗೆದ. ನಯವಾದ ಉಪ್ಪುಕಾಗದ ಹಾಕಿ ತಿಕ್ಕಿದ. ಸ್ಪಿರಿಟ್ಟಿನಲ್ಲಿ ಜಿಡ್ಡು ಒರೆಸಿ, ಗಾಜಿಗೂ ರಬ್ಬರ್ ಉಂಗುರ ಕೂರುವ ಜಾಗಕ್ಕೂ ಟೇಪು ಸುತ್ತಿದ. ಇಷ್ಟರ ಮಟ್ಟಿಗೆ ಯಾರೂ ಹೆಸರಿಡುವ ಹಾಗಿರಲಿಲ್ಲ. ಆಮೇಲೆ ಬಣ್ಣ ಹುಡುಕಿಕೊಂಡು ದಡಕ್ಕೆ ಹೋದ.

ದಡದಲ್ಲಿ ಒನೊಫ್ರೆ ತನ್ನ ದೋಣಿಯನ್ನು ಬೋರಲು ಹಾಕಿ ಕಿತ್ತಳೆ ಬಣ್ಣ ಬಳಿಯುತ್ತಿದ್ದ. ಎಮ್ಮೆಯಂಥ ಮೈ, ಮಗುವಿನಂಥ ಮನಸ್ಸು.

"ತಗೊಳ್ಳೋ, ಪೇಂಟಿಗೆ ಯಾಕಿಷ್ಟು ಸಂಕೋಚ? ದೋಣಿ ತಳಕ್ಕೆ ಹಾಕೋದಿದು. ಹತ್ತು ವರ್ಷ ಉಪ್ಪು ನೀರಲ್ಲಿ ಬಿದ್ದಿದ್ರೂ ಏಳಲ್ಲ," ಎಂದು ಡಬ್ಬಿಯನ್ನೇ ಎತ್ತಿಕೊಟ್ಟ. "ಎರಡು ಕೈ ಬಳಿ. ತೆಳ್ಳಗೆ. ದಪ್ಪ ಬಳೀಬೇಡ, ದೋಸೆ ಎದ್ದ ಹಾಗೆ ಏಳುತ್ತೆ."

ಎವೆಲಿಯೊ ತೆಳ್ಳಗೆ ಎರಡು ಕೈ ಬಳಿದ. ದೀಪ ಹೊಚ್ಚ ಹೊಸದಾಯಿತು. ಒಣಗಲಿ ಎಂದು ಅಂಗಳದ ಗೋಡೆಯ ಮೇಲೆ ಬಿಸಿಲಿಗಿಟ್ಟು, ತಿಂಡಿ ತಿನ್ನಲು ಒಳಗೆ ಹೋದ. ಮೊಟ್ಟೆ ಹಾಕಿ ಕರಿದ ಜೋಳದ ರೊಟ್ಟಿ ಎರಡು ತಿಂದು, ಬೆರಳು ನೆಕ್ಕಿಕೊಂಡು ಹೊರಗೆ ಬಂದರೆ ಗೋಡೆಯ ಮೇಲೆ ಬಿಸಿಲೊಂದೇ ಇತ್ತು.

"ಅವ್ವಾ! ದೀಪ ಎಲ್ಲಿ?"

"ನಂಗೇನ್ ಗೊತ್ತೋ! ಕ್ಲೊದೊಮಿರೊ ತಾತ ಈ ಕಡೆ ಹೋಗ್ತಿದ್ದ ನೋಡು."

ಎವೆಲಿಯೊ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ಕ್ಲೊದೊಮಿರೊ ತಾತನಿಗೆ ಎಂಬತ್ತರ ಹತ್ತಿರ ವಯಸ್ಸು. ಮಾಡಲು ಬೇರೆ ಕೆಲಸವಿಲ್ಲ. ದಿನವಿಡೀ ಊರು ಸುತ್ತಿ, ಬಣ್ಣ ನೋಡಿ ಸಾಮಾನು ಮನೆ ಸೇರಿಸುವುದೇ ಅವನ ಪುಣ್ಯದ ಕೆಲಸ. ಸಾಮಾನು ಕಳೆದಿರಲೇಬೇಕು ಎಂದೇನೂ ಅವನು ಇಟ್ಟುಕೊಂಡಿಲ್ಲ. ಹಾಗೆಂದು ಅವನನ್ನು ಬೈಯುವವರೂ ಊರಲ್ಲಿ ಇಲ್ಲ, ಏಕೆಂದರೆ ಎಲ್ಲರ ಮನೆಯಲ್ಲೂ ಅವನು ತಂದುಕೊಟ್ಟ ಸಾಮಾನು ಒಂದಲ್ಲ ಒಂದು ಇದ್ದೇ ಇದೆ.

ಒನೊಫ್ರೆಯ ಹತ್ತಿರ ಓಡಿಹೋಗುವಷ್ಟರಲ್ಲಿ ಅವನು ದೀಪವನ್ನು ಬಲೆಯ ಅಂಚಿಗೆ ಭಾರಕ್ಕೆಂದು ಕಟ್ಟಿಯೂ ಆಗಿತ್ತು.

"ಒನೊಫ್ರೆಣ್ಣಾ, ಅದು ನನ್ನ ದೀಪ!"

"ಗೊತ್ತು ಕಣೋ. ನಾನೇ ಅಲ್ವಾ ಬಣ್ಣ ಕೊಟ್ಟಿದ್ದು?"

"ಮತ್ತೆ ಬಲೆಗ್ಯಾಕೆ ಕಟ್ದೆ?"

ಒನೊಫ್ರೆ ಮುಖ ಹುಳ್ಳಗೆ ಮಾಡಿಕೊಂಡ. "ತಾತ ತಂದ್ಕೊಟ್ಟ. ಕಿತ್ತಳೆ ಸಾಮಾನು ನಮ್ಮನೆಗೆ ಬಂತು. ಬಂದಿದ್ದನ್ನ ಹೊರಗೆ ಕಳಿಸಿದ್ರೆ ನಮ್ಮಪ್ಪನ ಕಾಲದಿಂದ ಬಂದ ಮರ್ಯಾದೆ ಏನಾಗ್ಬೇಕು ಹೇಳು. ನಾಳೆ ಇನ್ನೊಬ್ಬ ಬಂದು ನನ್ನ ದೋಣೀನೂ ತನ್ನದು ಅಂತಾನೆ."

"ಹಾಗಾದ್ರೆ ನನ್ನ ಗತಿ?"

ಒನೊಫ್ರೆ ಬಹಳ ಹೊತ್ತು ಯೋಚನೆ ಮಾಡಿದ. ಅವನು ಯೋಚಿಸುವಾಗ ಕಿವಿಗಳೂ ಸ್ವಲ್ಪ ಅಲ್ಲಾಡುತ್ತವೆ. ಕೊನೆಗೆ ನ್ಯಾಯ ತೀರ್ಮಾನ ಮಾಡಿದ. "ದೀಪ ನಿಂದು, ಬಣ್ಣ ನಂದು. ಬಣ್ಣ ಇಲ್ಲಿ ಬಿಟ್ಟು ದೀಪ ತಗೊಂಡು ಹೋಗು."

ಹೀಗೆ ಎವೆಲಿಯೊ ಒನೊಫ್ರೆಯ ದೋಣಿಯ ನೆರಳಲ್ಲಿ ಕೂತು, ಬಳಿದ ಎರಡು ಕೈ ಬಣ್ಣವನ್ನೂ ಉಪ್ಪುಕಾಗದದಲ್ಲಿ ತಿಕ್ಕಿ ತೆಗೆದ. ಒಂದು ಗಂಟೆ ಹಿಡಿಯಿತು. ಒನೊಫ್ರೆ ಪಕ್ಕದಲ್ಲೇ ಕೂತು, "ಇಲ್ಲೊಂಚೂರು ಉಳ್ಕೊಂಡಿದೆ ನೋಡು," ಎಂದು ಪ್ರೀತಿಯಿಂದ ಬೆರಳು ತೋರಿಸುತ್ತಿದ್ದ. ಕೆಳಗೆ ಉದುರಿದ ಕಿತ್ತಳೆ ಪುಡಿಯನ್ನು ಒಂದು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ.

ಹತ್ತೂವರೆ ಹೊತ್ತಿಗೆ ಮೀನು ಕರಿಯುವ ಸೆನೈದಾಳ ಅಂಗಡಿಯ ಮುಂದೆ ಎವೆಲಿಯೊ ಜೋಲುಮುಖ ಹಾಕಿಕೊಂಡು ನಿಂತಿದ್ದ. ಐವತ್ತು ದಾಟಿದ ಹೆಂಗಸು. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದವಳು. ಆಡಿದರೆ ಬಾಣಲೆಯ ಎಣ್ಣೆಯೇ ಸುಮ್ಮನಾಗುವಂಥ ದನಿ. ಅವಳ ಮನೆಯದು ಗಿಳಿಹಸಿರು.

"ಅಯ್ಯೋ, ಆ ಒನೊಫ್ರೆಗೆ ಬುದ್ಧಿ ಇದ್ಯೇನೋ! ನಂಗೆ ಅಂಥ ದೊಡ್ಡಸ್ತಿಕೆ ಇಲ್ಲಪ್ಪ. ಬೆಂಚಿಗೆ ಬಳಿದು ಉಳ್ಕೊಂಡಿದೆ, ತಗೋ. ಬೇಗ ಒಣಗೋ ಜಾತಿ. ನನ್ನ ಅಂಗಳದಲ್ಲೇ ಒಣಗ್ಲಿ, ಅಲ್ಲಿಂದ ಇನ್ನೆಲ್ಲಿಗೆ ಹೋಗುತ್ತೆ?"

"ನಾನೇ ಕಾವಲು ಕೂರ್ತೀನಿ ಅಕ್ಕಾ. ಕಣ್ಣು ಮಿಟುಕಿಸಲ್ಲ."

ಆಡಿದ ಹಾಗೆ ನಡೆದುಕೊಂಡ. ದೀಪಕ್ಕೆ ಹಸಿರು ಬಳಿದು, ಸೆನೈದಾಳ ಅಂಗಳದಲ್ಲಿ ತಂತಿಗೆ ನೇತುಹಾಕಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ತಾತ ಬಂದ. ದೀಪ ನೋಡಿದ. ಎವೆಲಿಯೊನನ್ನು ನೋಡಿದ. ಸೆನೈದಾಳ ಮನೆಯ ಹಸಿರು ಬಾಗಿಲು ನೋಡಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ದೇವರು ಒಳ್ಳೇದು ಮಾಡ್ಲಿ ಮಗಾ," ಎಂದು ಗದ್ಗದ ದನಿಯಲ್ಲಿ ಹರಸಿ ಹೊರಟುಹೋದ.

ಈ ಸಲ ದೀಪಕ್ಕೆ ಕೈ ಹಾಕಲಿಲ್ಲವಲ್ಲ ಎಂದು ಎವೆಲಿಯೊ ಖುಷಿಪಟ್ಟ. ಹತ್ತು ನಿಮಿಷಕ್ಕೆ ಇಬ್ಬರು ಮೀನುಗಾರರು ಬಂದು ಕೈ ಕುಲುಕಿದರು. ಆಮೇಲೆ ಒನೊಫ್ರೆಯೇ ಬಂದು ತಬ್ಬಿಕೊಂಡು, "ಬೆಳಗ್ಗೇನೇ ಹೇಳಿದ್ರೆ ನಾನ್ಯಾಕೋ ತಕರಾರು ಮಾಡ್ತಿದ್ದೆ!" ಎಂದು ಬೆನ್ನಿಗೆ ಗುದ್ದಿದ. ಯಾರೋ ಒಂದು ಗೊನೆ ಬಾಳೆಕಾಯಿ ತಂದಿಟ್ಟರು. ಕೊನೆಗೆ ತಾಯಿ ಎಡುವಿಹೆಸ್, ಹಬ್ಬಕ್ಕೆ ಉಡುವ ಬಟ್ಟೆ ತೊಟ್ಟು, ಒಂದು ಕಣ್ಣಲ್ಲಿ ನಗು ಇನ್ನೊಂದರಲ್ಲಿ ನೀರು ಇಟ್ಟುಕೊಂಡು ಬಂದಳು.

"ಹೆತ್ತ ತಾಯಿಗೆ ಒಂದು ಮಾತು ಹೇಳ್ಬಾರ್ದಿತ್ತೇನೋ? ವಯಸ್ಸಲ್ಲಿ ದೊಡ್ಡೋಳಾದ್ರೂ ಪರ್ವಾಗಿಲ್ಲ, ಅಡುಗೆ ಚೆನ್ನಾಗಿ ಮಾಡ್ತಾಳೆ."

ಆಗ ಎವೆಲಿಯೊನಿಗೆ ತಲೆಗೆ ಹೊಳೆಯಿತು. ನಮ್ಮಲ್ಲಿ ಗಂಡಸು ಹೆಂಡತಿಯ ಮನೆಗೆ ಹೋಗಿ ನೆಲೆಸುವುದಾದರೆ, ಮೊದಲು ತನ್ನ ಕಸುಬಿನ ಸಾಮಾನಿಗೆ ಆ ಮನೆಯ ಬಣ್ಣ ಬಳಿದು, ಅವಳ ಅಂಗಳದಲ್ಲೇ ಕಾವಲು ಕೂತು ಒಣಗಿಸುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಪಾದ್ರಿ, ಉಂಗುರ, ಊಟ ಎಲ್ಲ ಆಮೇಲೆ. ಬಣ್ಣವಿಲ್ಲದ ಮನೆಯಲ್ಲಿ ಬೆಳೆದವನಿಗೆ ಇದು ಮರೆತೇಹೋಗಿತ್ತು.

"ಅವ್ವಾ, ಹಾಗಲ್ಲ! ಇದು ಇನ್ಸ್‌ಪೆಕ್ಟರಿಗೆ!"

"ಇನ್ಸ್‌ಪೆಕ್ಟರ್ ಯಾಕೋ, ಪಾದ್ರಿ ಸಾಕು."

ಗದ್ದಲ ಕೇಳಿ ಸೆನೈದಾ ಜಾಲರಿ ಸೌಟು ಹಿಡಿದು ಹೊರಗೆ ಬಂದಳು. ಗೊನೆ ನೋಡಿದಳು, ಎಡುವಿಹೆಸಳ ಬಟ್ಟೆ ನೋಡಿದಳು, ತಂತಿಗೆ ತೂಗುತ್ತಿದ್ದ ದೀಪ ನೋಡಿದಳು. ವಿಷಯ ಅರ್ಥವಾಗಲು ಅವಳಿಗೆ ಎವೆಲಿಯೊನಷ್ಟು ಹೊತ್ತು ಬೇಕಾಗಲಿಲ್ಲ.

"ಏನೋ? ಬಾಯಲ್ಲಿ ಅಕ್ಕಾ ಅಂತೀಯ, ಅಂಗಳದಲ್ಲಿ ಹಸಿರು ಒಣಗಿಸ್ತೀಯ?"

"ಅಕ್ಕಾ, ದೇವರಾಣೆ, ಪೇಂಟು ಕೊಟ್ಟಿದ್ದೇ ನೀವು!"

"ಬೆಂಚಿಗೆ ಮಿಕ್ಕಿದ್ದು ಕೊಟ್ಟೆ ಕಣೋ, ಬದುಕಿಗೆ ಮಿಕ್ಕಿದ್ದಲ್ಲ! ಇಬ್ಬರ ಬಟ್ಟೆ ಒಗೆದು ಒಗೆದು ಕೈ ಸವೆದೋಗಿದೆ. ಮೂರನೆಯವನು ಬೇಡ. ಅದೂ ನಿನ್ನಂಥವನು!"

"ನನ್ನ ಮಗನಿಗೇನೇ ಆಗಿರೋದು?" ಎಂದು ಎಡುವಿಹೆಸ್ ಸೊಂಟಕ್ಕೆ ಸೆರಗು ಸಿಕ್ಕಿಸುವ ಹೆಂಗಸಿನಂತೆ ಮುಂದೆ ಬಂದಳು. ಇಲ್ಲದ ಮದುವೆ ಮುರಿದದ್ದಕ್ಕೆ ಇಬ್ಬರಿಗೂ ಅರ್ಧ ಗಂಟೆ ಜಗಳವಾಯಿತು. ಊರವರು ಬಾಳೆಕಾಯಿ ಗೊನೆಯ ಸುತ್ತ ಕೂತು ಕೇಳಿದರು. ಜಗಳ ಮುಗಿದಾಗ ಸೆನೈದಾ ಮೀನಿನ ಹುರುಪೆ ಹೆರೆಯುವ ಬ್ರಷ್ಷು ತಂದು, ಎರಡೇ ನಿಮಿಷದಲ್ಲಿ ದೀಪದ ಮೈಮೇಲಿನ ಹಸಿರನ್ನು ಹೆರೆದು ಬಿಸಾಡಿದಳು. ಒಂದು ಮೀನನ್ನಾದರೂ ಅವಳು ಅಷ್ಟು ಶುದ್ಧವಾಗಿ ಹೆರೆದದ್ದನ್ನು ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆ. ದೀಪ ಹುಟ್ಟಿದ ಮಗುವಿನಂತೆ ಬತ್ತಲೆ. ಎವೆಲಿಯೊ ಮನೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಲಿಸಾಂದ್ರೊ ನಿಂತು, ಕಪ್ಪು ಕನ್ನಡಕ ಹಣೆಗೇರಿಸಿದ.

"ಕಷ್ಟಪಡಬೇಡ ಬಿಡು ಗುರೂ. ನಾಳೆ ಗುಹೆ ನಾನು ನೋಡ್ಕೋತೀನಿ. ನೀನು ಮದುವೆ ತಯಾರಿ ನೋಡ್ಕೋ."

ಆ ಮಾತು ಎವೆಲಿಯೊನನ್ನು ಸೂಜಿ ಚುಚ್ಚಿದಂತೆ ಎಬ್ಬಿಸಿತು. ಯಾರ ಬಣ್ಣ ಬಳಿದರೂ ದೀಪ ಅವರ ಪಾಲಾಗುತ್ತದೆ. ಹಾಗಾದರೆ ಯಾರದೂ ಅಲ್ಲದ ಬಣ್ಣ ಬೇಕು. ಹಳೆಯ ಹಿಟ್ಟಿನ ಡಬ್ಬಿ ಹಿಡಿದು ಊರೆಲ್ಲ ಸುತ್ತಿದ. ಒನೊಫ್ರೆಯಿಂದ ಕಿತ್ತಳೆ ಒಂದು ಸೌಟು, ಸೆನೈದಾ ಬೇಲಿಯಾಚೆಗೆ ಎಸೆದಿದ್ದ ಡಬ್ಬಿಯ ತಳದ ಹಸಿರು, ಚರ್ಚಿನ ಬಾಗಿಲ ನೀಲಿ, ಕೆಂಪು ಮನೆಯ ಕೆಂಪು, ಹಳದಿ ಮನೆಯ ಹಳದಿ. ಎಲ್ಲ ಸುರಿದು ಕೋಲಿನಿಂದ ತಿರುವಿದ.

ಬಂದ ಬಣ್ಣಕ್ಕೆ ಇವತ್ತಿಗೂ ಹೆಸರಿಲ್ಲ. ಕಂದು ಅನ್ನೋಣವೆಂದರೆ ಕಂದು ಒಪ್ಪುವುದಿಲ್ಲ, ಬೂದು ಅನ್ನೋಣವೆಂದರೆ ಬೂದಿಗೆ ಅವಮಾನ. ಮೂರು ದಿನದ ಬೀನ್ಸ್ ಸಾರಿಗೆ ಯಾರೋ ಕಾಫಿ ಚೆಲ್ಲಿದಂತಿತ್ತು. ಇಡೀ ಪುಂತಾ ಗಾರ್ಸಾದಲ್ಲಿ ಇಂಥ ಬಣ್ಣದ ಸಾಮಾನು ಇರಲು ಸಾಧ್ಯವಿಲ್ಲ ಎಂದು ಎವೆಲಿಯೊನಿಗೆ ನೂರಕ್ಕೆ ನೂರು ಖಾತ್ರಿಯಾಯಿತು. ದೀಪಕ್ಕೆ ಹೊಸದಾಗಿ ಟೇಪು ಸುತ್ತಿ ಎರಡು ಕೈ ಬಳಿದ. ತಾಯಿ ಒಲೆಯ ಮೇಲೆ ದೀಪವನ್ನು ತಂತಿಯಲ್ಲಿ ತೂಗುಬಿಟ್ಟು, ಪಾತ್ರೆಯ ಮುಚ್ಚಳದಿಂದ ಬೀಸಿ ಬೀಸಿ ಒಣಗಿಸಿದಳು. ಮದುವೆ ತಪ್ಪಿದ ಸಿಟ್ಟೆಲ್ಲ ಆ ಗಾಳಿಯಲ್ಲಿತ್ತು, ಹಾಗಾಗಿ ಬೇಗ ಒಣಗಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಎವೆಲಿಯೊ ಎರಡು ಬೆರಳಲ್ಲಿ ದೀಪ ಹಿಡಿದುಕೊಂಡು ಶಾಲೆಗೆ ಓಡಿದ.

ಬೊಗೊತಾದ ಇನ್ಸ್‌ಪೆಕ್ಟರ್ ಮರಳಲ್ಲಿ ಪಾಲಿಶ್ ಮಾಡಿದ ಬೂಟು ಹೂತುಕೊಂಡು, ಮುಂದೆ ಒಂದು ಬಕೆಟ್ ನೀರಿಟ್ಟುಕೊಂಡು ನಿಂತಿದ್ದರು. ಶಾಲೆಯ ಯಜಮಾನಿ ದೋನ್ಯಾ ಗ್ರಿಸೆಲ್ದಾ ಪಕ್ಕದಲ್ಲಿ ಬೀಸಣಿಗೆ ಹಿಡಿದಿದ್ದಳು. ಮೊದಲು ಲಿಸಾಂದ್ರೊನ ದೀಪ. ಹೊರಗೆ ನೋಡಲು ಅವನಂತೆಯೇ ಥಳಥಳ. ನೀರಿನಲ್ಲಿ ಮುಳುಗಿಸಿದ ಕೂಡಲೆ ಗುಳುಗುಳು ಗುಳ್ಳೆ ಎದ್ದವು.

"ನೀರು ಒಳಗೆ ಹೋಗ್ತಿದೆ. ನಡೆಯೋದಿಲ್ಲ," ಎಂದರು ಇನ್ಸ್‌ಪೆಕ್ಟರ್.

ಆಮೇಲೆ ಎವೆಲಿಯೊನ ಸರದಿ. ಅವನ ದೀಪ ಎತ್ತಿಕೊಂಡ ಇನ್ಸ್‌ಪೆಕ್ಟರ್ ಮುಖ ಸಿಂಡರಿಸಿದರು. ಉಗುರಿನಿಂದ ಕೆರೆದರು. ಏಳಲಿಲ್ಲ. ನೀರಲ್ಲಿ ಮುಳುಗಿಸಿ ನೂರರವರೆಗೆ ಎಣಿಸಿದರು. ಒಂದು ಗುಳ್ಳೆಯೂ ಬರಲಿಲ್ಲ. ಹೊರಗೆ ತೆಗೆದು ಗುಂಡಿ ಒತ್ತಿದರೆ ಬೆಳಕು ನೇರ ಅವರ ಕಣ್ಣಿಗೇ ಹೊಡೆಯಿತು.

"ನೋಡೋಕೆ ಆಗದಷ್ಟು ಕೆಟ್ಟದಾಗಿದೆ. ಆದರೆ ಲೇಪ ಮಾತ್ರ ಕಬ್ಬಿಣದಂತಿದೆ. ಪಾಸ್," ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅವರ ಹೆಬ್ಬೆರಳು ದೀಪಕ್ಕೆ ಸ್ವಲ್ಪ ಅಂಟಿಕೊಂಡಿದ್ದರಿಂದ ಕಾಗದದ ಮೂಲೆಯಲ್ಲಿ ಹೆಸರಿಲ್ಲದ ಬಣ್ಣದ ಒಂದು ಹೆಬ್ಬೆಟ್ಟೂ ಬಿತ್ತು.

ಎವೆಲಿಯೊ ಕುಣಿಯುವುದೊಂದು ಬಾಕಿ. ಆರು ವರ್ಷ ಹೊತ್ತ ಸಿಲಿಂಡರುಗಳ ಭಾರವೆಲ್ಲ ಹೆಗಲಿಂದ ಇಳಿದುಹೋಯಿತು. ಲಿಸಾಂದ್ರೊ ಕನ್ನಡಕ ಕಣ್ಣಿಗಿಳಿಸಿಕೊಂಡ. ಆದರೆ ದೋನ್ಯಾ ಗ್ರಿಸೆಲ್ದಾ ದೀಪದಿಂದ ಕಣ್ಣು ತೆಗೆದಿರಲಿಲ್ಲ.

"ಎವೆಲಿಯೊ, ಈ ಬಣ್ಣದ ಮನೆ ಊರಲ್ಲಿ ಯಾವುದಪ್ಪಾ?"

"ಯಾವುದೂ ಇಲ್ಲ ಅಮ್ಮಾವ್ರೇ. ಇಂಥ ಬಣ್ಣ ಇಟ್ಕೊಳ್ಳೋ ಧೈರ್ಯ ಯಾರಿಗೂ ಇಲ್ಲ."

"ಅಂದ್ರೆ ಇದನ್ನ ಯಾರೂ ಎತ್ಕೊಂಡು ಹೋಗಿ ಯಾರ ಮನೆಗೂ ಕೊಡೋ ಹಾಗಿಲ್ಲ?"

"ಕೊಡೋಕೆ ಮನೆ ಎಲ್ಲಿದೆ?" ಎಂದು ಎವೆಲಿಯೊ ಹೆಮ್ಮೆಯಿಂದ ನಕ್ಕ. ಆ ನಗು ಅವನಿಗೆ ದುಬಾರಿಯಾಯಿತು.

ದೋನ್ಯಾ ಗ್ರಿಸೆಲ್ದಾಳ ಕಣ್ಣಲ್ಲಿ ನೀರು ಬಂತು. ಅವಳು ಮೆದೆಯಿನ್ ನಗರದಿಂದ ಬಂದು ಹನ್ನೊಂದು ವರ್ಷವಾಗಿತ್ತು. "ಸಿಲಿಂಡರಿಗೆ ಹಳದಿ ಹೊಡೆಸಿದೆ, ಹಳದಿ ಮನೆಯವರ ಅಂಗಳದಲ್ಲಿ ಅದರ ಮೇಲೆ ಕೋಳಿ ಕೂತಿದ್ವು. ಕೆಂಪು ಹೊಡೆಸಿದೆ, ಕೆಂಪು ಮನೆಯವರು ಬಾಗಿಲಿಗೆ ಒತ್ತಿಟ್ಟುಕೊಂಡ್ರು. ಒಬ್ಬರನ್ನೂ ಬೈಯೋ ಹಾಗಿಲ್ಲ, ಎಲ್ಲಾ ತಾತನ ಪುಣ್ಯ! ಇವತ್ತು ನನ್ನ ಕಷ್ಟ ಕಳೀತು ಕಣಪ್ಪಾ." ಅವಳು ಎವೆಲಿಯೊನ ಎರಡೂ ಕೈ ಹಿಡಿದುಕೊಂಡಳು. "ಎಪ್ಪತ್ತು ಸಿಲಿಂಡರ್, ಇಪ್ಪತ್ತು ದೀಪ, ಎರಡು ದೋಣಿ. ಎಲ್ಲಕ್ಕೂ ಇದೇ ಬಣ್ಣ, ಇದೇ ಲೇಪ. ಈ ಕೆಲಸ ನಿನ್ನ ಕೈಗಲ್ಲದೆ ಇನ್ಯಾರಿಗೆ ಬರುತ್ತೆ? ಸೀಸನ್ ಮುಗಿಯೋದ್ರೊಳಗೆ ಮುಗಿಸ್ಕೊಡು."

"ಆದ್ರೆ ಅಮ್ಮಾವ್ರೇ, ನಾಳೆ ಗುಹೆ..."

"ಅದರ ಚಿಂತೆ ನಿನಗ್ಯಾಕೆ? ಲಿಸಾಂದ್ರೊ ಹೋಗ್ತಾನೆ."

"ಅವನ ದೀಪ ಫೇಲಾಯ್ತಲ್ಲ!"

"ನಿಂದು ಪಾಸಾಗಿದೆಯಲ್ಲ," ಎಂದಳು ದೋನ್ಯಾ ಗ್ರಿಸೆಲ್ದಾ. "ದಡದಲ್ಲಿ ಕೂತು ಬಣ್ಣ ಬಳಿಯೋನಿಗೆ ದೀಪ ಯಾಕೆ? ಅವನಿಗೆ ಕೊಡು."

ಗೈಡಿನ ಸ್ವಂತ ದೀಪವೇ ಆಗಬೇಕಲ್ಲ ಎಂದು ಎವೆಲಿಯೊ ಇನ್ಸ್‌ಪೆಕ್ಟರ್ ಕಡೆ ಆಸೆಯಿಂದ ತಿರುಗಿದ. ಅವರು ಹೆಬ್ಬೆರಳನ್ನು ಸೋಪಿನಲ್ಲಿ ತಿಕ್ಕುತ್ತ ಹೇಳಿದರು: "ದೀಪದ ಮೇಲೆ ಹೆಸರು ಬರೆದಿಲ್ಲ. ಯಾರ ಕೈಲಿದೆಯೋ ಅವರದು ಅಂತ ಬರ್ಕೋತೀನಿ."

ಲಿಸಾಂದ್ರೊ ಮೆಲ್ಲಗೆ ಕೈ ಚಾಚಿದ.

ಸಂಜೆ ಆರಕ್ಕೆ ಎವೆಲಿಯೊ ಅಂಗಳದಲ್ಲಿ ಐದು ಡಬ್ಬಿ ಸುತ್ತ ಇಟ್ಟುಕೊಂಡು ಅದೇ ಬಣ್ಣ ಮತ್ತೆ ಬರಿಸಲು ಒದ್ದಾಡುತ್ತಿದ್ದ. ಒಮ್ಮೆ ನೇರಳೆ ಬಂತು, ಒಮ್ಮೆ ಕಪ್ಪೆಯ ಬಣ್ಣ ಬಂತು. ಮಧ್ಯಾಹ್ನ ಯಾವುದನ್ನು ಎಷ್ಟು ಸುರಿದಿದ್ದನೆಂಬುದೇ ನೆನಪಿರಲಿಲ್ಲ, ದೀಪವೋ ಲಿಸಾಂದ್ರೊನ ಸೊಂಟದಲ್ಲಿತ್ತು. ಅಳು ಬರುವಂತಾಗಿತ್ತು ಅವನಿಗೆ. ತಾಯಿ ಮಾತ್ರ ಖುಷಿಯಾಗಿದ್ದಳು. ಮಧ್ಯಾಹ್ನದ ಹಿಟ್ಟಿನ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಕೆರೆದು ಕೆರೆದು ಮನೆಯ ಮುಂಬಾಗಿಲಿಗೆ ಬಳಿಯುತ್ತಿದ್ದಳು.

"ಬೇಡ ಅವ್ವಾ, ಅದೊಂದು ಬಣ್ಣಾನಾ!"

"ಸುಮ್ನಿರೋ. ಇಪ್ಪತ್ತು ವರ್ಷ ಆಯ್ತು ನಮಗೊಂದು ಬಣ್ಣ ಇಲ್ದೆ. ಚೆನ್ನಾಗಿಲ್ದಿದ್ರೇನು, ನಮ್ದು." ಎವೆಲಿಯೊ ಎದ್ದು ಹೋಗಿ ಅವಳಿಗೆ ಎಟುಕದ ಮೇಲಿನ ಮೂಲೆ ತಾನೇ ಬಳಿದುಕೊಟ್ಟ.

ಆಗಲೇ ಬೇಲಿಯ ಹತ್ತಿರ ಏದುಸಿರು ಕೇಳಿಸಿತು. ಕ್ಲೊದೊಮಿರೊ ತಾತ ಹಗ್ಗ ಹಿಡಿದು ಏನನ್ನೋ ಎಳೆಯುತ್ತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ, ನಾಲ್ಕು ಕಾಲನ್ನೂ ಮರಳಿಗೆ ಊರಿಕೊಂಡು ಬರಲೊಲ್ಲೆ ಎನ್ನುತ್ತಿದ್ದ ಒಂದು ಬೀದಿ ಕತ್ತೆ. ಕಂದೂ ಅಲ್ಲ, ಬೂದೂ ಅಲ್ಲ. ತಾತ ಒಮ್ಮೆ ಬಾಗಿಲು ನೋಡಿದ, ಒಮ್ಮೆ ಕತ್ತೆ ನೋಡಿದ, ತಲೆಯಾಡಿಸಿದ. ಹಗ್ಗವನ್ನು ಎವೆಲಿಯೊನ ಕೈಗಿಟ್ಟ.

"ಪಾಪ, ಇಷ್ಟು ವರ್ಷ ಇವು ಯಾರ ಮನೇವು ಅಂತಾನೇ ಗೊತ್ತಿರ್ಲಿಲ್ಲ ಮಗಾ. ಕಟ್ಹಾಕ್ಕೋ. ಇನ್ನೂ ನಾಲ್ಕಿವೆ, ಕತ್ತಲಾಗೋದ್ರೊಳಗೆ ಹೊಡ್ಕೊಂಡು ಬರ್ತೀನಿ."